ಒಂದು ಪುಟ ಅಡ್ಡ ತಿರುಗಿಸಿದರೆ ಪ್ರಬಂಧವೆಲ್ಲ ಯಾಕೆ ತಿರುಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ವರ್ಡ್‌ನಲ್ಲಿ ಪಿಎಚ್‌.ಡಿ. ಪ್ರಬಂಧ. ಮುಖಪುಟಕ್ಕೆ ಸಂಖ್ಯೆ ಬೇಡ, ಅರಿಕೆ-ಪರಿವಿಡಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ 1, 2, 3. ನಡುವೆ ಒಂದು ಅಗಲವಾದ ಕೋಷ್ಟಕ ಅಡ್ಡ ಪುಟದಲ್ಲಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿದೆ.

ನೀವು ಹಾಕಿರುವುದು ಪೇಜ್ ಬ್ರೇಕ್ (ಕಂಟ್ರೋಲ್+ಎಂಟರ್) ಇರಬೇಕು. ಅದು ಬರಹವನ್ನು ಮುಂದಿನ ಪುಟಕ್ಕೆ ದೂಡುತ್ತದೆ, ಅಷ್ಟೇ. ಪುಟದ ದಿಕ್ಕು, ಮಾರ್ಜಿನ್, ಪುಟಸಂಖ್ಯೆ ಇವೆಲ್ಲ ಸೆಕ್ಷನ್ನಿನ (ಅಂದರೆ ಕಡತದೊಳಗಿನ ಒಂದು ವಿಭಾಗದ) ಸೊತ್ತು. ಹಾಗಾಗಿ ಲೇಔಟ್ > ಬ್ರೇಕ್ಸ್‌ಗೆ ಹೋಗಿ, ಕೆಳಗಿನ ಗುಂಪಿನ ನೆಕ್ಸ್ಟ್ ಪೇಜ್ ಹಾಕಿ. ನಿಮಗೆ ಬೇಕಾದ ಜಾಗ ನಾಲ್ಕು: ಮುಖಪುಟದ ಕೊನೆ, ಪರಿವಿಡಿಯ ಕೊನೆ, ಕೋಷ್ಟಕದ ಮುಂಚೆ, ಕೋಷ್ಟಕದ ನಂತರ. ಒಟ್ಟು ಐದು ಸೆಕ್ಷನ್. ಕೆಳಗಿನ ಸ್ಟೇಟಸ್ ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಕ್ಷನ್’ ಆರಿಸಿಕೊಂಡರೆ ಕರ್ಸರ್ ಯಾವುದರಲ್ಲಿದೆ ಎಂದು ಸದಾ ಕಾಣುತ್ತದೆ.

ಎರಡನೇ ಸೆಕ್ಷನ್ನಿನ ಫೂಟರ್ ಮೇಲೆ ಡಬಲ್ ಕ್ಲಿಕ್ ಮಾಡಿ ‘ಲಿಂಕ್ ಟು ಪ್ರೀವಿಯಸ್’ ಆಫ್ ಮಾಡಿ. ಸಂಖ್ಯೆ ಹಾಕುವುದು ಆಮೇಲೆ. ಇದನ್ನು ಮರೆತರೆ ಮುಖಪುಟದಲ್ಲೂ ಸಂಖ್ಯೆ ಮೂಡುತ್ತದೆ. ಹೆಡರ್‌ಗೆ ಈ ಕೊಂಡಿ ಬೇರೆಯೇ ಇದೆ. ಬಳಿಕ ಪೇಜ್ ನಂಬರ್ > ಫಾರ್ಮ್ಯಾಟ್ ಪೇಜ್ ನಂಬರ್ಸ್‌ನಲ್ಲಿ ಎರಡನೆಯದಕ್ಕೆ ರೋಮನ್, ಮೂರನೆಯದಕ್ಕೆ ಸಾಧಾರಣ ಅಂಕಿ ಮತ್ತು ‘ಸ್ಟಾರ್ಟ್ ಅಟ್ 1’.

ಬಹಳ ಮಂದಿ ಎಡವುವುದು ಇಲ್ಲಿ. ‘ಸ್ಟಾರ್ಟ್ ಅಟ್ 1’ ಇರುವ ಸೆಕ್ಷನ್ನನ್ನು ಆಮೇಲೆ ಒಡೆದರೆ ಹೊಸ ತುಂಡುಗಳಿಗೂ ಅದೇ ಗುಣ ಅಂಟಿಕೊಳ್ಳುತ್ತದೆ. 64ನೇ ಪುಟ ಆದ ಮೇಲೆ ಕೋಷ್ಟಕದ ಪುಟ 1, ಅದರ ಮುಂದಿನದೂ 1! ನಾಲ್ಕು, ಐದನೇ ಸೆಕ್ಷನ್‌ಗಳಲ್ಲಿ ‘ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್’ ಆರಿಸಿ.

ಈಗ ಕರ್ಸರನ್ನು ಕೋಷ್ಟಕದೊಳಗೆ ಇಟ್ಟು ಓರಿಯೆಂಟೇಶನ್ > ಲ್ಯಾಂಡ್‌ಸ್ಕೇಪ್. ಎ4 ಹಾಳೆಯಲ್ಲಿ 21 ಸೆಂ.ಮೀ. ಅಗಲ ಇದ್ದದ್ದು 29.7 ಆಗುತ್ತದೆ. ಮಾರ್ಜಿನ್‌ಗಳೂ ಜಾಗ ಬದಲಿಸುತ್ತವೆ. ಬೈಂಡಿಂಗ್‌ಗೆಂದು ಬಿಟ್ಟ ಒಂದೂವರೆ ಇಂಚು ಅಡ್ಡ ಪುಟದಲ್ಲಿ ಮೇಲ್ಬದಿಗೆ ಬಂದಿದೆಯೇ ನೋಡಿ, ಇಲ್ಲದಿದ್ದರೆ ಕೋಷ್ಟಕದ ತಲೆಬರಹ ಹೊಲಿಗೆಯೊಳಗೆ ಹೋಗುತ್ತದೆ.

ಇನ್ನು ‘ಎಲ್ಲವೂ ಅಡ್ಡವಾಯಿತು’ ಎಂಬ ನಿಮ್ಮ ಗೋಳು. ಸೆಕ್ಷನ್ನಿನ ಗುಣಗಳೆಲ್ಲ ಅದರ *ಕೊನೆಯ* ಬ್ರೇಕ್‌ನಲ್ಲಿ ಅಡಗಿರುತ್ತವೆ. ಕೋಷ್ಟಕದ ಮುಂಚಿನ ಬ್ರೇಕ್ ಅಳಿಸಿದರೆ ಮೇಲಿನ ಅಧ್ಯಾಯಗಳು ಕೆಳಗಿನ ಸೆಕ್ಷನ್ನಿಗೆ ಸೇರಿ ಅದರ ರೂಪವನ್ನೇ ತಾಳುತ್ತವೆ. ಕೂಡಲೇ ಕಂಟ್ರೋಲ್+ಝೆಡ್ ಒತ್ತಿ. ಕಂಟ್ರೋಲ್+ಶಿಫ್ಟ್+8 ಒತ್ತಿದರೆ ಬ್ರೇಕ್‌ಗಳು ಕಣ್ಣಿಗೆ ಬೀಳುತ್ತವೆ. ನಾನಾದರೆ ಪ್ರಬಂಧ ಮುಗಿಯುವವರೆಗೂ ಅದನ್ನು ಆನ್ ಇಟ್ಟೇ ಕೆಲಸ ಮಾಡುತ್ತೇನೆ.

ಪುಟಸಂಖ್ಯೆ ಬದಲಾದ ಮೇಲೆ ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿ. ಅಡ್ಡ ಪುಟದ ಸೆಕ್ಷನ್ನನ್ನಷ್ಟೇ ಪ್ರಿಂಟ್ ತೆಗೆಯಬೇಕೆಂದರೆ ಪೇಜಸ್ ಖಾನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಎಸ್4’ ಎಂದು ಟೈಪಿಸಿದರೆ ಸಾಕು.