ಬಣ್ಣ ನಂಬಿ ವೈರು ಕತ್ತರಿಸಬೇಡಿ

ಮೇ ತಿಂಗಳು ಬಂತೆಂದರೆ ನನಗೆ ಬರುವ ಪ್ರಶ್ನೆಗಳ ಬಣ್ಣವೇ ಬದಲಾಗುತ್ತದೆ. ಮಳೆ ಹಿಡಿಯುವ ಮೊದಲು ಫಾಗ್ ಲ್ಯಾಂಪ್ ಆಗಬೇಕು, ಹಾರ್ನ್ ಆಗಬೇಕು, ಕ್ಯಾಮೆರಾ ಆಗಬೇಕು. ಗಾಡಿ ಮಾತ್ರ ಈಗ ಜೀಪೂ ಅಲ್ಲ, ಅಂಬಾಸಡರೂ ಅಲ್ಲ. ಅಡಿಕೆಗೆ ಒಳ್ಳೆ ರೇಟು ಸಿಕ್ಕಿದ ವರ್ಷ ತಂದ ಇಂಪೋರ್ಟೆಡ್ ಕಾರು. ಒಂದೇ ಪ್ರಶ್ನೆ ಎಷ್ಟೋ ಸಲ ಬಂದಿರುವುದರಿಂದ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ನನ್ನದು ಜರ್ಮನ್ ಎಸ್‌ಯುವಿ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ವಾರಕ್ಕೊಮ್ಮೆ ಹೋಗುತ್ತೇನೆ. ಮಂಜಿನಲ್ಲಿ ದಾರಿ ಕಾಣಲಿ ಅಂತ ಎರಡು ಫಾಗ್ ಲ್ಯಾಂಪ್ ಹಾಕಿಸಿದೆ. ಹೆಡ್‌ಲೈಟ್ ವೈರಿನಿಂದಲೇ ಕರೆಂಟ್ ತೆಗೆದಿದ್ದಾರೆ. ಈಗ ಬಲ್ಬ್ ಹೋಗಿದೆ ಅಂತ ಮೀಟರ್‌ನಲ್ಲಿ ತೋರಿಸುತ್ತದೆ, ಕೆಲವು ಸಲ ಹೆಡ್‌ಲೈಟೇ ಆರಿಹೋಗುತ್ತದೆ. ದೊಡ್ಡ ಫ್ಯೂಸ್ ಹಾಕಿದರೆ ಸರಿಹೋಗುತ್ತದೆ ಅಂತಾರೆ. ಹಾಕಿಸಲಾ?

ಉತ್ತರ: ಬೇಡ. ಮೊದಲು ಆ ಜೋಡಣೆ ಬಿಚ್ಚಿಸಿ, ಆಮೇಲೆ ಮುಂದೆ ಓದಿ. ಘಾಟಿಯ ತಿರುವಿನಲ್ಲಿ ಹೆಡ್‌ಲೈಟ್ ಆರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಹಳೆಯ ಜೀಪಿನಲ್ಲಿ ಕರೆಂಟು ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಲ್ಬಿಗೆ ಹೋಗುತ್ತಿತ್ತು. ನಡುವೆ ಎಲ್ಲಿ ಕಚ್ಚಿಸಿದರೂ ಲೈಟು ಉರಿಯುತ್ತಿತ್ತು. ನಿಮ್ಮ ಕಾರಿನಲ್ಲಿ ಹಾಗಿಲ್ಲ. ಸ್ವಿಚ್ಚು ಬರೀ ಸುದ್ದಿ ಕೊಡುತ್ತದೆ, ಕರೆಂಟು ಕಳಿಸುವುದು ಒಂದು ಕಂಟ್ರೋಲ್ ಮಾಡ್ಯೂಲ್. ಅದು ಕಳಿಸಿ ಸುಮ್ಮನಿರುವುದಿಲ್ಲ, ಎಷ್ಟು ಹೋಗುತ್ತಿದೆ ಅಂತ ಅಳೆಯುತ್ತಲೇ ಇರುತ್ತದೆ. ಎಂಜಿನ್ ಓಡುತ್ತಿರುವಾಗ 55 ವ್ಯಾಟ್ ಬಲ್ಬ್ ಸುಮಾರು 4 ಆಂಪಿಯರ್ ಎಳೆಯುತ್ತದೆ. ನೀವು ಅದರ ಬೆನ್ನಿಗೆ ಇನ್ನೆರಡು ಬಲ್ಬ್ ಕಟ್ಟಿದಿರಿ, ಅಂದರೆ ಇನ್ನೂ 8 ಆಂಪಿಯರ್. ಎಲ್ಲೋ ಶಾರ್ಟ್ ಆಗಿದೆ ಅಂತ ತಿಳಿದು ಮಾಡ್ಯೂಲ್ ಆ ಲೈನನ್ನೇ ಕಡಿಯುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಹೀಗೇ ಸತಾಯಿಸಿದರೆ ಒಂದು ದಿನ ಸುಟ್ಟೇ ಹೋಗುತ್ತದೆ, ಆಗ ಹೊಸದು ತರಿಸಿ ಗಾಡಿಗೆ ಹೊಂದುವಂತೆ ಕೋಡಿಂಗ್ ಮಾಡಿಸಬೇಕು.

ದೊಡ್ಡ ಫ್ಯೂಸಿನ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಫ್ಯೂಸ್ ಕಾಯುವುದು ಲೈಟನ್ನಲ್ಲ, ವೈರನ್ನು. 15 ಆಂಪಿಯರ್ ತಾಳುವ ವೈರಿಗೆ 30ರ ಫ್ಯೂಸ್ ಹಾಕಿದರೆ ಮೊದಲು ಸುಡುವುದು ವೈರೇ. ಹೋದ ಮಳೆಗಾಲದಲ್ಲಿ ಹೀಗೆ ಮಾಡಿದ ಒಂದು ಗಾಡಿ ನನ್ನ ಹತ್ತಿರ ಬಂತು. ಡ್ಯಾಶ್‌ಬೋರ್ಡ್ ಕೆಳಗಿನ ಮುಚ್ಚಳ ತೆಗೆದರೆ ಏಳೆಂಟು ವೈರು ಕರಗಿ, ಒಂದಕ್ಕೊಂದು ಅಂಟಿ, ಗಟ್ಟಿ ಕರಿ ಹಗ್ಗದ ಹಾಗೆ ಆಗಿದ್ದವು. ನೀಲಿ ಬಣ್ಣದ 15ರ ಜಾಗದಲ್ಲಿ ಹಸಿರು ಬಣ್ಣದ 30 ಕೂತಿತ್ತು. ಆ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ತಂತಿ ಹೊಸದರಂತೆ ಹಾಗೇ ಇತ್ತು.

ಸರಿಯಾದ ದಾರಿ ಅಂದರೆ ಹೊಸ ಲೈಟಿಗೆ ಬೇರೆಯೇ ಲೈನು. ಬ್ಯಾಟರಿಯ ಪ್ಲಸ್‌ನಿಂದ ಹೊರಟು ಒಂದು ಗೇಣಿನ ಒಳಗೇ ಫ್ಯೂಸ್ ಇರಬೇಕು, ಯಾಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ವೈರಿಗೆ ಕಾವಲೇ ಇಲ್ಲ, ಅದು ಎಲ್ಲಿ ಉಜ್ಜಿ ಗಾಡಿಯ ತಗಡಿಗೆ ತಗುಲಿದರೂ ಬೆಂಕಿಯೇ. ಎರಡು 55 ವ್ಯಾಟ್ ಹ್ಯಾಲೊಜೆನ್‌ಗೆ 15ರ ಫ್ಯೂಸ್ ಸಾಕು. ಬಿಎಂಡಬ್ಲ್ಯು ತರಹದ ಹಲವು ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿರುತ್ತದೆ. ಅವುಗಳಲ್ಲಿ ಬಾನೆಟ್ ಕೆಳಗೇ ಜಂಪ್ ಸ್ಟಾರ್ಟ್‌ಗೆ ಅಂತ ಒಂದು ಪ್ಲಸ್ ಪಾಯಿಂಟ್ ಕೊಟ್ಟಿರುತ್ತಾರೆ, ಅಲ್ಲಿಂದ ತೆಗೆಯಿರಿ.

ವೈರು 2.5 ಚದರ ಮಿ.ಮೀ. ತಾಮ್ರದ್ದೇ ಆಗಲಿ. ಸ್ಪೀಕರ್ ವೈರಿನಂಥ ಅರ್ಧ ಚದರ ಮಿ.ಮೀ.ದು ನಾಲ್ಕು ಮೀಟರ್ ಎಳೆದು 8 ಆಂಪಿಯರ್ ಹರಿಸಿದರೆ ಒಂದು ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ಹ್ಯಾಲೊಜೆನ್‌ಗೆ ಒಂದು ವೋಲ್ಟ್ ಕಮ್ಮಿಯಾದರೆ ಬೆಳಕಿನಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹೋಯಿತು. ಅಗ್ಗದ ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ವಾಪಸ್ ಕೊಡಿ.

ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು, ಬೇಕೇ ಬೇಕು. ಅದರ ಕಾಲುಗಳ ಪಕ್ಕ ನಂಬರ್ ಇರುತ್ತದೆ: 30ಕ್ಕೆ ಫ್ಯೂಸಿನಿಂದ ಬಂದ ಲೈನು, 87ರಿಂದ ಲ್ಯಾಂಪಿಗೆ, 85 ಅರ್ಥ್‌ಗೆ, 86 ಸ್ವಿಚ್ಚಿಗೆ. ಇಲ್ಲೂ ಒಂದು ತಪ್ಪು ನಡೆಯುತ್ತದೆ. ಸ್ವಿಚ್ಚಿನ ಸಣ್ಣ ಕರೆಂಟನ್ನು ಹೆಡ್‌ಲೈಟಿನಿಂದಲೇ ಕದಿಯುತ್ತಾರೆ. ಹಲವು ಯುರೋಪಿಯನ್ ಕಾರುಗಳಲ್ಲಿ ಮಾಡ್ಯೂಲ್ ಬಲ್ಬಿಗೆ ಕರೆಂಟನ್ನು ಒಂದೇ ಸಮನೆ ಕೊಡುವುದಿಲ್ಲ. ಕಣ್ಣಿಗೆ ಗೊತ್ತಾಗದಷ್ಟು ಬೇಗ ಆನ್, ಆಫ್ ಮಾಡುತ್ತಿರುತ್ತದೆ. ರಿಲೇ ಆಗ ಟರ್‌ರ್ ಅಂತ ನಡುಗಿ ಕೆಲವೇ ದಿನದಲ್ಲಿ ಹಾಳಾಗುತ್ತದೆ. ಕೀ ಹಾಕಿದಾಗ ಮಾತ್ರ ಲೈವ್ ಆಗುವ, ಅಂದರೆ ಕರೆಂಟು ಬರುವ ಒಂದು ಜಾಗವನ್ನು ಫ್ಯೂಸ್ ಬಾಕ್ಸಿನಲ್ಲಿ ಹುಡುಕಿ, ಫ್ಯೂಸಿನ ಜಾಗದಲ್ಲೇ ಕೂತು ಇನ್ನೊಂದು ಲೈನು ಕೊಡುವ ಫ್ಯೂಸ್ ಟ್ಯಾಪ್ ಹಾಕಿ, ಬೇರೆ ಸ್ವಿಚ್ ಕೊಡಿ. ರಿಲೇ ಕಾಯಿಲ್ ಎಳೆಯುವುದು ಸುಮಾರು 0.2 ಆಂಪಿಯರ್ ಅಷ್ಟೇ.

ಅರ್ಥ್ ವೈರನ್ನು ನೇರ ಬ್ಯಾಟರಿ ಮೈನಸ್‌ಗೆ ಕಟ್ಟಬೇಡಿ. ಇಂಥ ಕಾರುಗಳಲ್ಲಿ ಅಲ್ಲೊಂದು ಸೆನ್ಸರ್ ಕೂತು ಒಳಗೆ ಹೊರಗೆ ಹೋದ ಕರೆಂಟಿನ ಲೆಕ್ಕ ಇಡುತ್ತದೆ. ನೀವು ಅದನ್ನು ದಾಟಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ, ಚಾರ್ಜಿಂಗ್ ಕೆಡುತ್ತದೆ. ಬಾಡಿಯ ಅರ್ಥ್ ಬೋಲ್ಟಿಗೆ ಕಟ್ಟಿ.

ಇನ್ನು ಬಣ್ಣದ ವಿಷಯ. ಕಪ್ಪು ಅಂದರೆ ಅರ್ಥ್ ಅಂತ ಕಲಿತವರು ನಮ್ಮಲ್ಲಿ ಜಾಸ್ತಿ. ಜರ್ಮನ್ ಕಾರಿನಲ್ಲಿ ಅರ್ಥ್ ಕಂದು ಬಣ್ಣದ್ದು, ಕಪ್ಪು ಲೈವ್ ಆಗಿರುವುದೂ ಉಂಟು. ಹಳೆಯ ಬ್ರಿಟಿಷ್ ಗಾಡಿಗಳ ಲೂಕಸ್ ಕಂಪನಿಯ ಪದ್ಧತಿಯಲ್ಲಿ ಅದೇ ಕಂದು ಬಣ್ಣ ಬ್ಯಾಟರಿಯಿಂದ ಬಂದ ನೇರ ಲೈವ್. ಟೊಯೋಟಾದಲ್ಲಿ ಅರ್ಥ್‌ಗೆ ಬಿಳಿ ವೈರಿನ ಮೇಲೆ ಕಪ್ಪು ಗೆರೆ. ಪುಣೆ ಹತ್ತಿರದ ಚಾಕಣ್‌ನಲ್ಲೋ ಚೆನ್ನೈ ಹತ್ತಿರವೋ ಜೋಡಿಸಿದ ಜರ್ಮನ್ ಕಾರಿಗೂ ಪದ್ಧತಿ ಜರ್ಮನಿಯದ್ದೇ. ಆದ್ದರಿಂದ ವೈರಿಂಗ್ ಚಿತ್ರ ನೋಡದೆ, ಮಲ್ಟಿಮೀಟರ್ ಹಿಡಿಯದೆ ಒಂದು ವೈರನ್ನೂ ಮುಟ್ಟಲು ಬಿಡಬೇಡಿ. ಬಲ್ಬ್ ಟೆಸ್ಟರ್ ಹಿಡಿದು ಚುಚ್ಚಲು ಬಂದರೆ ತಡೆಯಿರಿ. ಅದು ಎಳೆಯುವ ಕರೆಂಟು ಮಾಡ್ಯೂಲಿಗೆ ಆಪತ್ತು.

ಮತ್ತೆ ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ. ವೈರು ಬಿಚ್ಚದೆಯೇ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ಪು ಇಲ್ಲಿ ಒಂದು ಮಳೆಗಾಲ ಬಾಳಿದರೆ ಹೆಚ್ಚು. ಅದರ ಬ್ಲೇಡು ಎಳೆಗಳನ್ನು ಕಡಿದಿರುತ್ತದೆ, ಆ ಗಾಯಕ್ಕೆ ನೀರು ಹೋಗಿ ಹಸಿರು ಕಿಲುಬು ಹಿಡಿಯುತ್ತದೆ. ಲೋಹದ ಕೊಳವೆಯಲ್ಲಿ ಇಟ್ಟು ಒತ್ತಿ ಜೋಡಿಸಿ (ಕ್ರಿಂಪ್ ಮಾಡಿ), ಮೇಲೆ ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ರಿಲೇಯ ಬಾಯಿ ಕೆಳಗಿರಲಿ. ತಗಡಿನ ತೂತಿನಲ್ಲಿ ವೈರು ತೂರುವ ಕಡೆ ರಬ್ಬರ್ ಬಳೆ (ಗ್ರಾಮೆಟ್) ಇಲ್ಲದಿದ್ದರೆ ಮೇಲಿನದೆಲ್ಲ ದಂಡ.

ನನ್ನ ಗಾಡಿಯಾಗಿದ್ದರೆ ಕಂಪನಿಯದೇ ಫಾಗ್ ಲ್ಯಾಂಪ್ ತರಿಸಿ, ಕೋಡಿಂಗ್ ಮಾಡಿಸಿ, ಇಷ್ಟೆಲ್ಲ ತಲೆನೋವಿಗೆ ಹೋಗುತ್ತಿರಲಿಲ್ಲ. ದುಡ್ಡು ಜಾಸ್ತಿ ಆಗುತ್ತದೆ, ಗೊತ್ತು.

ಪ್ರಶ್ನೆ: ಹಳದಿ ಬಲ್ಬ್ ಮಂಜನ್ನು ಸೀಳುತ್ತದಂತೆ, ಹೌದಾ?

ಉತ್ತರ: ಇಲ್ಲ. ಲ್ಯಾಂಪ್ ತಗ್ಗಿನಲ್ಲಿರಬೇಕು, ಬೆಳಕು ಮೇಲೆ ಹೋಗದೆ ಚಪ್ಪಟೆಯಾಗಿ ರಸ್ತೆಗೆ ಬೀಳಬೇಕು. ಬಣ್ಣಕ್ಕಿಂತ ಅದು ಮುಖ್ಯ.

ಪ್ರಶ್ನೆ: ಲೈಟರ್ ಸಾಕೆಟ್ಟಿಗೆ ಚುಚ್ಚಿದರೆ ಮೈಲೇಜ್ ಕೊಡುವ ಸಾಧನ ಮಾರುತ್ತಿದ್ದಾರೆ. ಇಂಪೋರ್ಟೆಡ್ ಕಾರಿಗೂ ಆಗುತ್ತದಾ?

ಉತ್ತರ: ಯಾವ ಕಾರಿಗೂ ಆಗುವುದಿಲ್ಲ. ನಾನು ಒಡೆದು ನೋಡಿದ್ದರಲ್ಲಿ ಒಂದು ಎಲ್‌ಇಡಿ, ಒಂದು ಪುಟ್ಟ ಕೆಪಾಸಿಟರ್ ಬಿಟ್ಟರೆ ಏನೂ ಇರಲಿಲ್ಲ. ಮಾರುವವರದು ಶುದ್ಧ ಮೋಸ.

ಪ್ರಶ್ನೆ: ಸ್ಟೀರಿಂಗ್ ಬಿಚ್ಚಿ ಬೇರೆ ಹಾರ್ನ್ ಸ್ವಿಚ್ ಕೂರಿಸಬಹುದಾ?

ಉತ್ತರ: ಅಲ್ಲಿ ಏರ್‌ಬ್ಯಾಗ್ ಇದೆ. ಹಳದಿ ಕನೆಕ್ಟರ್ ಕಂಡ ಕಡೆ ಕೈ ಹಾಕಲೇಬೇಡಿ.

ಪ್ರಶ್ನೆ: ಸಾಗರದಲ್ಲಿ ಡ್ಯಾಶ್‌ಕ್ಯಾಮ್ ಹಾಕಿಸಿದೆ. ಒಂದು ವಾರ ಗಾಡಿ ತೆಗೆಯದಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಬದಲಿಸಲಾ?

ಉತ್ತರ: ಬ್ಯಾಟರಿಯನ್ನು ಸುಮ್ನೆ ಬೈಯಬೇಡಿ. ಕ್ಯಾಮೆರಾ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ 60 ಆಂಪಿಯರ್-ಅವರ್ ಬ್ಯಾಟರಿ ಐದು ದಿನಕ್ಕೆ ಪೂರ್ತಿ ಖಾಲಿ, ಲೆಕ್ಕ ಸರಿಯಾಗಿಯೇ ಇದೆ ಅಲ್ವಾ? ಗಾಡಿ ಲಾಕ್ ಮಾಡಿ, ಮಾಡ್ಯೂಲ್‌ಗಳೆಲ್ಲ ಮಲಗಲು ಮುಕ್ಕಾಲು ಗಂಟೆ ಬಿಟ್ಟು ಅಳೆಯಿಸಿ. 50 ಮಿಲಿಆಂಪಿಯರ್ ಒಳಗಿರಬೇಕು. ವೋಲ್ಟೇಜ್ ಇಳಿದರೆ ತಾನೇ ಕಡಿಯುವ ಕಿಟ್ ಹಾಕಿಸಿ, ಇಲ್ಲವೇ ಕೀ ತೆಗೆದಾಗ ಆರುವ ಫ್ಯೂಸಿಗೆ ಬದಲಾಯಿಸಿ. ಹಾಗೇ ಗಾಜಿನ ಪಕ್ಕದ ಕಂಬದ ಮುಚ್ಚಳ ತೆಗೆಸಿ ನೋಡಿ. ಅಲ್ಲಿ ಏರ್‌ಬ್ಯಾಗ್ ಇದ್ದರೆ ಕ್ಯಾಮೆರಾದ ವೈರು ಅದರ ಹಿಂದಿನಿಂದ ಹೋಗಿರಬೇಕು. ಮುಂದಿನಿಂದ ಹೋಗಿದ್ದರೆ ಬಿಚ್ಚಿಸಿ ಮತ್ತೆ ಎಳೆಸಿ.