ಸಾಕಿದ ಆಮೆಯ ತೊಟ್ಟಿಯಲ್ಲಿ ಜೊತೆಗೆ ಏನನ್ನು ಬಿಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಮೂರಡಿ ಗಾಜಿನ ತೊಟ್ಟಿ, ಐದಿಂಚು ಚಿಪ್ಪಿನ ಕೆಂಪುಕಿವಿ ಆಮೆ. ದಿನವಿಡೀ ಗಾಜಿಗೆ ಮೂತಿ ಒತ್ತಿಕೊಂಡು ಕಾಲು ಬಡಿಯುತ್ತಿರುತ್ತದೆ, ಒಂಟಿತನ ಕಾಡುತ್ತಿರಬೇಕು, ಜೊತೆಗೆ ಗೋಲ್ಡ್‌ಫಿಶ್ ಬಿಡಲೋ ಇನ್ನೊಂದು ಆಮೆ ತರಲೋ ಎಂದು ಕೇಳಿದ್ದೀರಿ. ಎರಡೂ ಬೇಡ. ಹನ್ನೊಂದು ವರ್ಷದಿಂದ ಇದೇ ಜಾತಿಯ ಆಮೆ ಸಾಕುತ್ತಿದ್ದೇನೆ, ಈ ಎರಡೂ ತಪ್ಪನ್ನು ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಒಂಟಿತನದ ಮಾತು. ಈ ಆಮೆಗಳಿಗೆ ನಾಯಿಯ ಹಾಗೆ, ಗಿಳಿಯ ಹಾಗೆ ಸಂಗಾತಿ ಬೇಕು ಅನ್ನಿಸುವುದಿಲ್ಲ. ಒಂದೇ ದಿಮ್ಮಿಯ ಮೇಲೆ ಹತ್ತು ಆಮೆ ಬಿಸಿಲು ಕಾಯುವ ಚಿತ್ರ ನೋಡಿ ನಮಗೆ ಹಾಗನ್ನಿಸುತ್ತದೆ. ಅವು ಸೇರುವುದು ಬಿಸಿಲಿಗೆ, ಸ್ನೇಹಕ್ಕಲ್ಲ. ನಿಮ್ಮ ಆಮೆ ಗಾಜು ತಳ್ಳುವುದಕ್ಕೆ ನನಗೆ ಕಾಣುವ ಕಾರಣ ಜಾಗ. ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 38 ಲೀಟರ್ ನೀರು ಎಂಬುದು ಸಾಕುವವರೆಲ್ಲ ಹಿಡಿದಿರುವ ಲೆಕ್ಕ. ಐದಿಂಚಿಗೆ 190 ಲೀಟರ್ ಆಯಿತು. ಅಂಗಡಿಯಲ್ಲಿ ಸಿಗುವ ಮೂರಡಿ ತೊಟ್ಟಿ ಬಾಯಿಮಟ್ಟ ತುಂಬಿದರೂ ಅಷ್ಟು ಹಿಡಿಯುವುದು ಕಷ್ಟ, ಆಮೆಯ ತೊಟ್ಟಿಯನ್ನು ನಾವು ಬಾಯಿಮಟ್ಟ ತುಂಬಿಸುವುದೂ ಇಲ್ಲ. ಅಂದರೆ ಈಗ ಇರುವ ಒಂದಕ್ಕೇ ಮನೆ ಸಾಲದು. ಹೆಣ್ಣಾಗಿದ್ದರೆ ಅದು ಇನ್ನೂ ಬೆಳೆಯುತ್ತದೆ; ಹೆಣ್ಣಿನ ಚಿಪ್ಪು ಒಂದಡಿಯವರೆಗೂ ಹೋಗಬಲ್ಲದು. ಮುಂಗಾಲಿನ ಉಗುರು ನೋಡಿ. ಉದ್ದುದ್ದ ಇದ್ದರೆ ಗಂಡು.

ದೊಡ್ಡ ಹೆಣ್ಣಾಮೆ ಹೀಗೆ ಚಡಪಡಿಸಿದರೆ ಇನ್ನೊಂದು ಕಾರಣವೂ ಇರಬಹುದು, ಮೊಟ್ಟೆ. ಗಂಡು ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ. ಅಗೆಯಲು ಮಣ್ಣು ಸಿಗದೆ ಮೊಟ್ಟೆ ಒಳಗೇ ಉಳಿದರೆ ಜೀವಕ್ಕೇ ಅಪಾಯ. ಈಗಲ್ಲದಿದ್ದರೂ ಮುಂದೆ ಈ ಲಕ್ಷಣ ಕಂಡರೆ ಒದ್ದೆ ಮಣ್ಣು ತುಂಬಿದ ಆಳದ ಟಬ್ಬಿನಲ್ಲಿ ಬಿಡಿ, ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ.

ಇನ್ನೊಂದು ಆಮೆ ಯಾಕೆ ಬೇಡ? ನಾನು ಎರಡನೆಯದನ್ನು ತಂದಾಗ ಮೊದಲ ವಾರ ಎಲ್ಲ ಚೆನ್ನಾಗಿತ್ತು. ದೊಡ್ಡದು ಚಿಕ್ಕದರ ಮೇಲೆ ಹತ್ತಿ ಕೂರುತ್ತಿತ್ತು, ಮನೆಯವರೆಲ್ಲ ಎಷ್ಟು ಪ್ರೀತಿ ನೋಡಿ ಎಂದೆವು. ಅದು ಪ್ರೀತಿಯಲ್ಲ, ದೀಪದ ಶಾಖವನ್ನೂ ಯುವಿ (ಬಿಸಿಲಿನಲ್ಲಿರುವ ನೇರಳಾತೀತ) ಬೆಳಕನ್ನೂ ಮೇಲಿನದು ಕಸಿದುಕೊಳ್ಳುವ ರೀತಿ. ಕೆಳಗಿನದಕ್ಕೆ ಊಟವೂ ಸರಿಯಾಗಿ ಸಿಗಲಿಲ್ಲ. ಒಂದು ಬೆಳಿಗ್ಗೆ ಅದರ ಬಾಲದ ತುದಿ ಇರಲಿಲ್ಲ. ಆ ದಿನವೇ ಬೇರೆ ಮಾಡಿದೆ, ಆದರೆ ಹೋದ ಬಾಲ ಹೋಯಿತು. ಎರಡು ಗಂಡಾದರೆ ಕಾದಾಡುತ್ತವೆ. ಗಂಡು-ಹೆಣ್ಣಾದರೆ ಗಂಡು ಬಿಡುವಿಲ್ಲದೆ ಹೆಣ್ಣಿನ ಬೆನ್ನು ಹತ್ತುತ್ತದೆ, ತೊಟ್ಟಿಯಲ್ಲಿ ಅದಕ್ಕೆ ಓಡಿ ತಪ್ಪಿಸಿಕೊಳ್ಳಲು ಜಾಗವೆಲ್ಲಿ? ಇನ್ನು ಯಾರಾದರೂ ನಕ್ಷತ್ರ ಆಮೆಯನ್ನೋ ಕೆರೆಯ ಮೆತ್ತನೆ ಚಿಪ್ಪಿನ ಆಮೆಯನ್ನೋ ಕೊಡುತ್ತೇನೆಂದರೆ ದಯವಿಟ್ಟು ಮುಟ್ಟಬೇಡಿ. ಅವೆರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿಟ್ಟರೆ ಅಪರಾಧ. ಅಲ್ಲದೆ ನಕ್ಷತ್ರ ಆಮೆ ಒಣನೆಲದ ಪ್ರಾಣಿ, ನೀರಿನ ತೊಟ್ಟಿಯಲ್ಲಿ ಮುಳುಗಿ ಸಾಯುತ್ತದೆ.

ಗೋಲ್ಡ್‌ಫಿಶ್ ವಿಷಯ. ಅದು ನಿಧಾನಿ, ಬಾಲ ಜೋಲುತ್ತಿರುತ್ತದೆ, ಆಮೆಗೆ ಸುಲಭದ ತುತ್ತು. ತಿಂದರೆ ತಿನ್ನಲಿ ಅನ್ನುವ ಹಾಗೂ ಇಲ್ಲ. ಅದರ ಮೈಯಲ್ಲಿ ಥಯಮಿನೇಸ್ ಎಂಬ ಕಿಣ್ವವಿದೆ, ಪದೇಪದೇ ತಿಂದ ಆಮೆಗೆ ಬಿ1 ವಿಟಮಿನ್ ಕೊರತೆ ಬರುತ್ತದೆ. ಗೋಲ್ಡ್‌ಫಿಶ್‌ಗೆ ತಣ್ಣೀರು ಹಿತ, ಆಮೆಗೆ 24ರಿಂದ 27 ಡಿಗ್ರಿ ಬೇಕು. ಗಲೀಜು ಮಾಡುವುದರಲ್ಲಂತೂ ಎರಡೂ ಸಮ, ಫಿಲ್ಟರ್ ತಾಳುವುದಿಲ್ಲ.

ತೊಟ್ಟಿ ತಾನೇ ಸ್ವಚ್ಛ ಮಾಡುತ್ತದೆ ಎಂದು ಅಂಗಡಿಯವರು ಸಕ್ಕರ್ ಮೀನು ಕೊಡಲು ಬರುತ್ತಾರೆ. ಅದನ್ನೂ ಬೇಡವೆನ್ನಿ. ರಾತ್ರಿ ಆಮೆಯ ಚಿಪ್ಪಿಗೆ ಅಂಟಿಕೊಂಡು ಕೆರೆಯುತ್ತದೆ. ಆಮೆ ಅದನ್ನು ನುಂಗಲು ಹೋದರೆ ರೆಕ್ಕೆಯ ಗಟ್ಟಿ ಮುಳ್ಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಲಿಡ್ ಮೀನುಗಳು ಆಮೆಯ ಕಣ್ಣು, ಕಾಲು ಕುಕ್ಕಬಹುದು. ಏಡಿ, ಕಪ್ಪೆ ಯಾವುದೂ ಬೇಡ.

ಹಾಗಾದರೆ ಏನು ಬಿಡಬಹುದು? ನನ್ನಲ್ಲಿ ಉಳಿದಿರುವುದು ಜೀಬ್ರಾ ಡೇನಿಯೊ. ಚಿಕ್ಕದು, ಮಿಂಚಿನ ವೇಗ, ಗುಂಪಿನಲ್ಲಿರುತ್ತದೆ, ನಮ್ಮ ದೇಶದ್ದೇ ಮೀನು, ಬೆಲೆಯೂ ಕಡಿಮೆ. ಐದಡಿ ತೊಟ್ಟಿಯಲ್ಲಿ ಹದಿನೈದು ಬಿಟ್ಟಿದ್ದೆ, ಒಂದು ವರ್ಷಕ್ಕೆ ಹತ್ತು ಉಳಿದಿದ್ದವು. ಈ ಲೆಕ್ಕ ನಿಮಗೆ ಒಪ್ಪಿಗೆಯಾಗದಿದ್ದರೆ ಮೀನೇ ಬಿಡಬೇಡಿ, ಏಕೆಂದರೆ ಆಮೆಯ ತೊಟ್ಟಿಯಲ್ಲಿ ಪ್ರತಿ ಮೀನೂ ಎಂದಾದರೂ ಊಟವಾಗಬಹುದು. ನಿಮ್ಮ ಮಗಳು ಮೀನಿಗೆ ಹೆಸರಿಟ್ಟುಬಿಟ್ಟರಂತೂ ಮೊದಲೇ ಯೋಚಿಸಿ. ರೋಸಿ ಬಾರ್ಬ್ ಕೂಡ ಆಗುತ್ತದೆ. ಮಿಸ್ ಕೇರಳ ಎಂದು ಮಾರುವ ಕೆಂಪುಗೆರೆಯ ಮೀನು ವೇಗದ್ದೇ, ಆದರೆ ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿರುವ ಅಳಿವಿನಂಚಿನ ಜಾತಿ ಅದು, ಆಮೆಯ ಬಾಯಿಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. ನೀರಿನ ಬಸವನಹುಳು ಬಿಟ್ಟರೆ ತಿಂದೇ ತಿನ್ನುತ್ತದೆ. ಅದರಿಂದ ತೊಂದರೆಯಿಲ್ಲ, ಚಿಪ್ಪಿನ ಸುಣ್ಣ ಆಮೆಗೆ ಒಳ್ಳೆಯದೇ. ಆದರೆ ಕೆರೆಯಿಂದ ಹಿಡಿದು ತರಬೇಡಿ, ಪರಾವಲಂಬಿ ಹುಳು ಜೊತೆಗೇ ಬರುತ್ತವೆ.

ಮೀನು ಅಡಗಲು ಪಿವಿಸಿ ಕೊಳವೆ ಹಾಕಿ. ಅದರ ಬಾಯಿ ಆಮೆಯ ತಲೆ ಹಿಡಿಸದಷ್ಟು ಸಣ್ಣದಿರಬೇಕು, ಇಲ್ಲವೇ ಇಡೀ ಆಮೆ ಸಲೀಸಾಗಿ ದಾಟುವಷ್ಟು ದೊಡ್ಡದಿರಬೇಕು. ನಡುವಿನ ಅಳತೆಯಲ್ಲಿ ಸಿಕ್ಕಿಕೊಂಡರೆ ಆಮೆ ಉಸಿರುಗಟ್ಟಿ ಸಾಯುತ್ತದೆ, ಅದಕ್ಕಿರುವುದು ಕಿವಿರಲ್ಲ, ನಮ್ಮ ಹಾಗೇ ಶ್ವಾಸಕೋಶ. ಹೊಸ ಮೀನನ್ನು ಮೂರ್ನಾಲ್ಕು ವಾರ ಬೇರೆ ಬಕೆಟ್ಟಿನಲ್ಲಿಟ್ಟು ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಬಿಡಿ. ಫಿಲ್ಟರ್, ತೊಟ್ಟಿಯ ನೀರಿನ ಎರಡು-ಮೂರು ಪಟ್ಟಿಗೆಂದು ಮಾಡಿದ್ದನ್ನೇ ಕೊಳ್ಳಿ. ತೊಟ್ಟಿ ಮುಟ್ಟಿದ ಮೇಲೆ ಮಗಳ ಕೈಯನ್ನು ಪ್ರತಿಸಲ ಸೋಪಿನಲ್ಲಿ ತೊಳೆಸಿ. ಆಮೆಯಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಹರಡುತ್ತದೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕಿಂಚಿಗಿಂತ ಚಿಕ್ಕ ಆಮೆಯ ಮಾರಾಟ ನಿಂತಿದೆ.

ಹತ್ತಿರದ ಕೆರೆಗೆ ಬಿಟ್ಟುಬಿಡಿ ಎಂದು ಸಲಹೆ ಕೊಡುವವರೂ ಇರುತ್ತಾರೆ. ಆ ಕೆಲಸ ಮಾತ್ರ ಮಾಡಬೇಡಿ. ಈ ಆಮೆಯ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆ. ಬೇರೆಡೆ ಬಿಟ್ಟಲ್ಲೆಲ್ಲ ಅಲ್ಲಿನ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಕಿತ್ತುಕೊಂಡಿದೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಇದರ ಹೆಸರಿದೆ.

ಈ ತಿಂಗಳ ದುಡ್ಡನ್ನು ಮೀನಿಗಲ್ಲ, ತೊಟ್ಟಿಗೆ ಹಾಕಿ. ನಾಲ್ಕೈದು ಅಡಿ ಉದ್ದದ್ದು ತಂದು, ಮೈ ಪೂರ್ತಿ ಒಣಗುವಂಥ ಕಟ್ಟೆ, ಅದರ ಮೇಲೆ ಶಾಖದ ದೀಪ, ಯುವಿಬಿ ದೀಪ ಹೊಂದಿಸಿ ಎರಡು ವಾರ ನೋಡಿ. ಗಾಜು ತಳ್ಳುವುದು ಕಡಿಮೆಯಾದ ಮೇಲೂ ಮೀನು ಬೇಕೆನ್ನಿಸಿದರೆ ಆರು ಡೇನಿಯೊಗಳಿಂದ ಶುರುಮಾಡಿ, ಆಮೆಗೆ ಹೊಟ್ಟೆ ತುಂಬಿರುವ ಹೊತ್ತಿನಲ್ಲಿ ಬಿಡಿ.