ಕ್ಯಾಪ್‌ಗಳ ಮೇಲೆ ಕಸೂತಿ ಹಾಕಲು ಎಂಥ ಎಂಬ್ರಾಯ್ಡರಿ ಯಂತ್ರ ಕೊಳ್ಳಬೇಕು?

ಹೊಲಿದು ಸಿದ್ಧವಾದ ಕ್ಯಾಪ್‌ಗಳ ಮೇಲೆಯೇ ಲೋಗೋ ಹಾಕುವ ಉದ್ದೇಶವಿದ್ದರೆ, ವೇಗಕ್ಕಿಂತ, ಬಣ್ಣಗಳ ಸಂಖ್ಯೆಗಿಂತ ಮೊದಲು ಯಂತ್ರದ ತೋಳನ್ನು, ಅಂದರೆ ಸೂಜಿಯ ಕೆಳಗೆ ಚಾಚಿಕೊಂಡಿರುವ ಭಾಗವನ್ನು ನೋಡಬೇಕು. ಮನೆಬಳಕೆಯ ಚಪ್ಪಟೆ ಹಾಸಿನ ಯಂತ್ರದಲ್ಲಿ ಕ್ಯಾಪ್‌ನ ಮುಂಭಾಗವನ್ನು ಒತ್ತಿ ಮಟ್ಟಸ ಮಾಡಿಯೇ ಹೊಲಿಯಬೇಕಾಗುತ್ತದೆ. ಒಳಗೆ ಬಕ್ರಂ ಎಂಬ ಬಿರುಸು ಬಟ್ಟೆ ಹಾಕಿದ ಗಟ್ಟಿ ಕ್ಯಾಪ್ ಹಾಗೆ ಸುಲಭವಾಗಿ ಮಣಿಯುವುದಿಲ್ಲ, ಮಣಿದರೂ ಅಕ್ಷರಗಳು ಸೊಟ್ಟಗಾಗುತ್ತವೆ. ಆದ್ದರಿಂದ ಕಿರಿದಾದ ಕೊಳವೆಯಾಕಾರದ ತೋಳು ಮತ್ತು ಕ್ಯಾಪನ್ನು ಅದರ ಸುತ್ತ ತಿರುಗಿಸುವ ಕ್ಯಾಪ್ ಡ್ರೈವರ್ ಇರುವ ಬಹುಸೂಜಿ ಯಂತ್ರವನ್ನೇ ಆರಿಸಿಕೊಳ್ಳಿ. ತಾಜಿಮಾ, ಬರುಡಾನ್, ಬ್ರದರ್ ಕಂಪನಿಗಳಲ್ಲಿ ಇಂಥ ಮಾದರಿಗಳಿವೆ. ಆದರೆ ಡ್ರೈವರ್ ಮತ್ತು ಕ್ಯಾಪನ್ನು ಬಿಗಿಹಿಡಿಯುವ ಕ್ಯಾಪ್ ಫ್ರೇಮ್ ಬೆಲೆಯಲ್ಲಿ ಸೇರಿವೆಯೇ ಎಂದು ಕೇಳಿಕೊಂಡೇ ಮುಂಗಡ ಕೊಡಿ.

ಅಂಗಡಿಯವರು ಬಟ್ಟೆಯ ಚೂರಿನ ಮೇಲೆ ಹೊಲಿದು ತೋರಿಸಿದರೆ ಸಾಲದು. ನಿಮ್ಮದೇ ಆರು ಪಟ್ಟಿಯ ಕ್ಯಾಪ್ ಒಯ್ದು, ಹಣೆಯ ನಡುವೆ ಹಾದುಹೋಗುವ ದಪ್ಪ ಹೊಲಿಗೆಯ ಮೇಲೆ ಸಣ್ಣ ಅಕ್ಷರಗಳನ್ನು ಹಾಕಿಸಿ ನೋಡಿ. ಸೂಜಿ ಪಕ್ಕಕ್ಕೆ ಜಾರುವುದೂ ದಾರ ತುಂಡಾಗುವುದೂ ಹೆಚ್ಚಾಗಿ ಆ ಏಣಿನಲ್ಲಿಯೇ. ಮೊನಚು ತುದಿಯ 75/11 ಅಳತೆಯ ಸೂಜಿ, ನಿಮಿಷಕ್ಕೆ 600–700 ಹೊಲಿಗೆಯ ವೇಗ, ಮತ್ತು ವಿನ್ಯಾಸವು ಕೆಳಗಿನಿಂದ ಮೇಲಕ್ಕೆ, ನಡುವಿನಿಂದ ಅಂಚಿಗೆ ಸಾಗುವಂತೆ ಮಾಡಿದ ಡಿಜಿಟೈಸಿಂಗ್ (ಚಿತ್ರವನ್ನು ಯಂತ್ರ ಹೊಲಿಯಬಲ್ಲ ಫೈಲ್ ಆಗಿಸುವ ಕೆಲಸ) ಇದ್ದರೆ ಬಟ್ಟೆ ಸುಕ್ಕುಗಟ್ಟುವುದು ಬಹಳ ಕಡಿಮೆಯಾಗುತ್ತದೆ. ಹತ್ತಿರದಲ್ಲೇ ರಿಪೇರಿಯವರು ಸಿಗುವ ಯಂತ್ರವನ್ನು, ಅದು ತುಸು ದುಬಾರಿಯಾದರೂ, ನಾನು ಮೊದಲು ಪರಿಗಣಿಸುತ್ತೇನೆ.